ತೆಳುಪದರದ ಲೀಕೇಜ್ ಲೆಕ್ಕ ತಪ್ಪುತ್ತಿರುವ ಬಗ್ಗೆ ದೂರು

ಪೀಣ್ಯ, ಬೆಂಗಳೂರು

ಗೆ,
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ

ವಿಷಯ: ಹೊಸ ಆವೃತ್ತಿಯ ಪೂಲ್–ಫ್ರೆಂಕೆಲ್ ಮಾಡೆಲ್ ಸರಿಪಡಿಸಿಕೊಡುವಂತೆ ಕೋರಿ

ಮಾನ್ಯರೇ,

ನಿಮ್ಮ ಸಿಮ್ಯುಲೇಷನ್ ಸಾಫ್ಟ್‌ವೇರ್ ಅಪ್‌ಡೇಟ್ ಆದ ಮೇಲೆ ಸಿಲಿಕಾನ್ ನೈಟ್ರೈಡ್ ಪದರದ ಲೀಕೇಜ್ ಕರೆಂಟ್ (ಪದರದ ಮೂಲಕ ಸೋರುವ ವಿದ್ಯುತ್) ತಪ್ಪು ಬರುತ್ತಿದೆ. ಇದನ್ನು ಲೆಕ್ಕಹಾಕುವುದು ಪೂಲ್–ಫ್ರೆಂಕೆಲ್ ಮಾಡೆಲ್: ಪದರದೊಳಗಿನ ಟ್ರ್ಯಾಪ್‌ಗಳಲ್ಲಿ (ದೋಷಸ್ಥಾನಗಳಲ್ಲಿ) ಸಿಕ್ಕಿಬಿದ್ದ ಎಲೆಕ್ಟ್ರಾನ್‌ಗಳು ವಿದ್ಯುತ್ ಕ್ಷೇತ್ರದಿಂದ ಎಷ್ಟು ಸುಲಭವಾಗಿ ಹೊರಬೀಳುತ್ತವೆ ಎಂದು ಹೇಳುವ ಸೂತ್ರ. ಇದೇ ಇನ್‌ಪುಟ್ ಫೈಲನ್ನು ಹಳೆಯ ಆವೃತ್ತಿಯಲ್ಲಿ ಓಡಿಸಿದರೆ ಉತ್ತರ ಅಳತೆಗೆ ಹೊಂದುತ್ತದೆ.

ದೋಷ ಎಲ್ಲಿದೆ ಎಂದು ಹುಡುಕಿಯೇ ಬರೆಯುತ್ತಿದ್ದೇವೆ. ಮೊದಲು ಡೈಎಲೆಕ್ಟ್ರಿಕ್ ಕಾನ್‌ಸ್ಟಂಟ್‌ಗೆ (ವಸ್ತು ತನ್ನೊಳಗಿನ ವಿದ್ಯುತ್ ಕ್ಷೇತ್ರವನ್ನು ಎಷ್ಟು ತಗ್ಗಿಸುತ್ತದೆ ಎಂಬ ಸಂಖ್ಯೆಗೆ) ಎರಡು ಖಾನೆಗಳಿದ್ದವು, ಸ್ಟ್ಯಾಟಿಕ್ (ಸ್ಥಿರ ಕ್ಷೇತ್ರಕ್ಕೆ) ಒಂದು, ಆಪ್ಟಿಕಲ್ (ಬೆಳಕಿನಷ್ಟು ಬೇಗ ಬದಲಾಗುವ ಕ್ಷೇತ್ರಕ್ಕೆ) ಒಂದು. ಈಗ ಇರುವುದು ಒಂದೇ. (ಮ್ಯಾನ್ಯುಯಲ್‌ನಲ್ಲಿ ಮಾತ್ರ ಇನ್ನೂ ಎರಡಿವೆ!) ಆ ಒಂದೇ ಖಾನೆಯಲ್ಲಿ ತುಂಬಿದ ಸ್ಟ್ಯಾಟಿಕ್ ಬೆಲೆ 7.5 ಅನ್ನೇ ಪೂಲ್–ಫ್ರೆಂಕೆಲ್ ಸೂತ್ರವೂ ಎತ್ತಿಕೊಳ್ಳುತ್ತಿದೆ. ಎಲೆಕ್ಟ್ರಾನ್ ಟ್ರ್ಯಾಪ್‌ನಿಂದ ಹೊರಬೀಳುವುದು ಎಷ್ಟು ಬೇಗವೆಂದರೆ, ಅಷ್ಟರಲ್ಲಿ ಪರಮಾಣುಗಳು ಜಾಗ ಕದಲುವುದಿಲ್ಲ. ಹಾಗಾಗಿ ಆ ಸೂತ್ರಕ್ಕೆ ಆಪ್ಟಿಕಲ್ ಬೆಲೆ, ಅಂದರೆ ವಕ್ರೀಭವನ ಸೂಚ್ಯಂಕದ ವರ್ಗ, ಬೇಕು. ನೈಟ್ರೈಡ್‌ಗೆ ಸೂಚ್ಯಂಕ ಸುಮಾರು 2, ವರ್ಗ 4. ಪದರಗಳ ನಡುವೆ ವೋಲ್ಟೇಜ್ ಹಂಚುವ ಲೆಕ್ಕಕ್ಕೆ 7.5 ಸರಿಯೇ.

50 ನ್ಯಾನೊಮೀಟರ್ ಪದರಕ್ಕೆ 10 ವೋಲ್ಟ್ ಕೊಟ್ಟರೆ ಫೀಲ್ಡ್ (ವಿದ್ಯುತ್ ಕ್ಷೇತ್ರ) ಸೆಂಟಿಮೀಟರಿಗೆ 20 ಲಕ್ಷ ವೋಲ್ಟ್. ಆಗ ಟ್ರ್ಯಾಪ್‌ನ ತಡೆ 0.54 ಇವಿಯಷ್ಟು (ಎಲೆಕ್ಟ್ರಾನ್ ವೋಲ್ಟ್) ಇಳಿಯಬೇಕು. ನಿಮ್ಮದರಲ್ಲಿ ಇಳಿಯುವುದು 0.39 ಮಾತ್ರ. 300 ಕೆಲ್ವಿನ್‌ನಲ್ಲಿ ಇಷ್ಟಕ್ಕೇ ಕರೆಂಟ್ ಸುಮಾರು 270 ಪಟ್ಟು ಕಡಿಮೆ ಬರುತ್ತದೆ. ಹೆಚ್ಚು ತೋರಿಸಿದ್ದರೆ ಯಾರಾದರೂ ಅನುಮಾನಪಡುತ್ತಿದ್ದರು. ಲೀಕೇಜ್ ಕಡಿಮೆ ಕಂಡರೆ ಡಿಸೈನ್ ಹಾಗೇ ಪಾಸಾಗಿಬಿಡುತ್ತದೆ.

"ಟ್ರ್ಯಾಪ್ ಆಳ ತಗ್ಗಿಸಿ ಹೊಂದಿಸಿಕೊಳ್ಳಿ" ಎಂದು ನಿಮ್ಮ ಸಪೋರ್ಟ್‌ನವರು ಉತ್ತರ ಕಳಿಸಿದ್ದಾರೆ. ಅದು ತೇಪೆ ಹಚ್ಚುವ ಕೆಲಸ. 0.145 ಇವಿ ತಗ್ಗಿಸಿ 10 ವೋಲ್ಟ್‌ನಲ್ಲಿ ಸರಿ ಮಾಡಿದರೆ 5 ವೋಲ್ಟ್‌ನಲ್ಲಿ ಕರೆಂಟ್ ಸುಮಾರು ಐದು ಪಟ್ಟು ಜಾಸ್ತಿಯಾಗುತ್ತದೆ. ಕೆಟ್ಟಿರುವುದು ಗ್ರಾಫ್‌ನ ಇಳಿಜಾರು. ಅದನ್ನು ಮೇಲೆ ಕೆಳಗೆ ಸರಿಸಿ ಪ್ರಯೋಜನವಿಲ್ಲ.

ನೀವೇ ನೋಡಬಹುದು. ಕರೆಂಟ್ ಡೆನ್ಸಿಟಿಯನ್ನು ಫೀಲ್ಡ್‌ನಿಂದ ಭಾಗಿಸಿ, ಅದರ ನ್ಯಾಚುರಲ್ ಲಾಗ್ ಅನ್ನು ಫೀಲ್ಡ್‌ನ ವರ್ಗಮೂಲದ ಎದುರು ಬಿಡಿಸಿ. ಫೀಲ್ಡ್ ಸೆಂಟಿಮೀಟರಿಗೆ ವೋಲ್ಟ್‌ನಲ್ಲಿರಲಿ, ತಾಪಮಾನ 300 ಕೆಲ್ವಿನ್. ಇಳಿಜಾರು 0.0147 ಬಂದರೆ ಸೂತ್ರ 4 ಅನ್ನು ಬಳಸಿದೆ, 0.0107 ಬಂದರೆ 7.5 ಅನ್ನು. ನಮಗೆ ಬಂದಿರುವುದು ಎರಡನೆಯದು.

ಆಪ್ಟಿಕಲ್ ಖಾನೆಯನ್ನು ಮತ್ತೆ ಕೊಡಿ, ಪ್ಯಾಚ್ ಅನ್ನು 15 ದಿನದೊಳಗೆ ಕಳಿಸಿ. ಅಲ್ಲಿಯವರೆಗೆ ಹಳೆಯ ಆವೃತ್ತಿಯ ಲೈಸೆನ್ಸ್ ಚಾಲ್ತಿಯಲ್ಲಿರಲಿ. ಕೆಲಸ ನಿಂತ ದಿನಗಳನ್ನು ಎಎಂಸಿ (ವಾರ್ಷಿಕ ನಿರ್ವಹಣಾ ಒಪ್ಪಂದ) ಅವಧಿಗೆ ಸೇರಿಸಿಕೊಡಬೇಕು. ಈ ಆವೃತ್ತಿ ಪಡೆದ ಉಳಿದ ಗ್ರಾಹಕರಿಗೂ ವಿಷಯ ತಿಳಿಸಿ. ಇನ್‌ಪುಟ್ ಫೈಲ್ ಮತ್ತು ಎರಡೂ ಆವೃತ್ತಿಗಳ ಔಟ್‌ಪುಟ್ ಲಗತ್ತಿಸಿದ್ದೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಥಿನ್ ಫಿಲ್ಮ್ ವಿಭಾಗದ ಎಂಜಿನಿಯರುಗಳು