ಸರ್ವರ್ ಮತ್ತೆ ಓಡುತ್ತಿದೆ, ಋಣ ಬಾಕಿಯಿದೆ

ಮನೆಯ ಸರ್ವರ್ ಈಗ ನೆಟ್ಟಗೆ ಓಡುತ್ತಿದೆ. ಅದು ಎಷ್ಟು ಸಲ ಬಿತ್ತು, ಎಬ್ಬಿಸಿದಾಗಲೆಲ್ಲ ಫೈಲ್‌ಸಿಸ್ಟಮ್ (ಡಿಸ್ಕಿನಲ್ಲಿ ಫೈಲುಗಳನ್ನು ಓರಣವಾಗಿ ಇಡುವ ವ್ಯವಸ್ಥೆ) ಹೇಗೆ ಕೆಟ್ಟು ಕೂತಿರುತ್ತಿತ್ತು ಎಂಬ ಪುರಾಣವನ್ನು ನೀವೆಲ್ಲ ಸಾಕುಸಾಕೆನ್ನುವಷ್ಟು ಕೇಳಿದ್ದೀರಿ. ಮತ್ತೆ ಬಿಚ್ಚುವುದಿಲ್ಲ.

ಡಿಸ್ಕ್ ಎರವಲು ಕೊಟ್ಟ ಗೆಳೆಯ, ಲ್ಯಾಪ್‌ಟಾಪ್ ಬಿಟ್ಟುಕೊಟ್ಟ ತಮ್ಮ, ನನ್ನ ಪಾಳಿಯನ್ನು ಹೊತ್ತ ಸಹೋದ್ಯೋಗಿಗಳು, ಕೇಬಲ್ ಬದಲಿಸಿ ನೋಡು ಎಂದವರು (ಒಳ್ಳೆಯ ಸಲಹೆಯೇ, ಪಾಪ ಕೇಬಲ್ ನಿರಪರಾಧಿಯಾಗಿತ್ತು): ಎಲ್ಲರಿಗೂ ನಮಸ್ಕಾರ.

ಉಳಿದದ್ದೆಲ್ಲ ಅಕ್ಕನಿಗೆ. ಹಳೆಯ ತಂಡದ ನಾವೆಲ್ಲ ಅವರನ್ನು ಕರೆಯುವುದೇ ಹಾಗೆ. ಹೆಸರು ಹಾಕಿದರೆ ಸಿಟ್ಟಾಗುತ್ತಾರೆ. ಹೊಸ ಡಿಸ್ಕಿನಲ್ಲೂ ಅದೇ ದೋಷ ಕಾಣಿಸಿಕೊಂಡ ರಾತ್ರಿ ಅವರಿಗೆ ಫೋನ್ ಮಾಡಿದೆ. ಎಲ್ಲ ಪ್ರಶ್ನೆಗೂ ತಾನೇ ಹೌದು ಎಂದುಕೊಂಡು ಫೈಲ್‌ಸಿಸ್ಟಮನ್ನು ದುರಸ್ತಿ ಮಾಡುವ ಎಫ್‌ಎಸ್‌ಸಿಕೆ ಆದೇಶವನ್ನು ಬರೆದಿಟ್ಟಾಗಿತ್ತು, ಎಂಟರ್ ಒತ್ತುವುದಷ್ಟೇ ಬಾಕಿ. "ಕೈ ತೆಗೆ" ಎಂದರು. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ಸ್ಮಾರ್ಟ್ ವರದಿಯನ್ನು ಓದಿಸಿದರು. ಅದರ 5, 197, 198 ಸಂಖ್ಯೆಯ ಸಾಲುಗಳಲ್ಲಿ ಸೊನ್ನೆ, ಅಂದರೆ ಕೆಟ್ಟ ಸೆಕ್ಟರ್‌ಗಳ (ಡಿಸ್ಕಿನ ಪುಟ್ಟ ಭಾಗಗಳ) ಸುಳಿವಿಲ್ಲ. ಕೇಬಲ್ಲಿನ ತಕರಾರನ್ನು ಬಯಲು ಮಾಡುವ 199ರಲ್ಲೂ ಸೊನ್ನೆ. "ಡಿಸ್ಕ್ ತನಗೆ ಹೇಳಿದ್ದನ್ನು ನಿಷ್ಠೆಯಿಂದ ಬರೆದುಕೊಂಡಿದೆ. ತಪ್ಪು ಹೇಳಿಕೊಟ್ಟವರು ಯಾರು, ನೋಡೋಣ" ಎಂದು ಯಂತ್ರದ ಮೆಮೊರಿಯನ್ನು ಪರೀಕ್ಷಿಸುವ ಮೆಮ್‌ಟೆಸ್ಟ್86+ ಓಡಿಸಲು ಹೇಳಿದರು.

ಗಂಟೆಗಟ್ಟಲೆ ಹಿಡಿಯುವ ಪರೀಕ್ಷೆ ಅದು. ನೀವು ಮಲಗಿ, ಬೆಳಿಗ್ಗೆ ಹೇಳುತ್ತೇನೆ ಎಂದರೂ ಅವರು ಫೋನ್ ಇಡಲಿಲ್ಲ. ಇಟ್ಟರೆ ಪರೀಕ್ಷೆಯನ್ನು ಅರ್ಧಕ್ಕೆ ನಿಲ್ಲಿಸಿ ನಾನು ದುರಸ್ತಿಗೆ ಇಳಿಯುತ್ತೇನೆಂದು ಅವರಿಗೆ ಗೊತ್ತಿತ್ತು.

ಡಿಸ್ಕಿನಲ್ಲಿದ್ದದ್ದು ನನ್ನ ಸ್ವತ್ತಾಗಿದ್ದರೆ ಅಷ್ಟು ಕಂಗೆಡುತ್ತಿರಲಿಲ್ಲ. ಅವು ನನ್ನ ಹೆಂಡತಿ ಸಂಶೋಧನೆಗಾಗಿ ವರ್ಷಗಟ್ಟಲೆ ಅಲೆದು, ಹಿರಿಯರನ್ನು ಮಾತನಾಡಿಸಿ ತಂದ ಧ್ವನಿಮುದ್ರಣಗಳು. ಬ್ಯಾಕಪ್ ಇತ್ತು, ಕೆಟ್ಟ ಫೈಲುಗಳನ್ನೂ ಅಷ್ಟೇ ಶ್ರದ್ಧೆಯಿಂದ ನಕಲು ಮಾಡಿಟ್ಟುಕೊಂಡಿತ್ತು. ಅವಳು ನನ್ನನ್ನು ಒಂದು ಮಾತೂ ಕೇಳಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಅಕ್ಕನಿಗೆ ಇದನ್ನು ಹೇಳುತ್ತಾ ಅತ್ತುಬಿಟ್ಟೆ. ಅವರು ಸಮಾಧಾನದ ಮಾತಾಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಈಗ ಶೇಕಡಾ ಎಷ್ಟಾಯಿತು?" ಎಂದು ಕೇಳಿದರು. ಪರದೆ ನೋಡಿ ಹೇಳಿದೆ. ಆಮೇಲೆ ಮತ್ತೆ ಕೇಳಿದರು, ಮತ್ತೆ ಹೇಳಿದೆ. ರಾತ್ರಿ ಕಳೆದದ್ದು ಹೀಗೆ.

ನಸುಕಿನಲ್ಲಿ ಕೆಂಪು ಸಾಲುಗಳು ಮೂಡಿದವು. ಒಂದು ಮೆಮೊರಿ ಸ್ಟಿಕ್‌ನಲ್ಲಿ ಒಂದೇ ಒಂದು ಬಿಟ್ (0 ಅಥವಾ 1) ಆಗಾಗ ಮಗುಚಿಕೊಳ್ಳುತ್ತಿತ್ತು. ಆ ಯಂತ್ರದಲ್ಲೇ ಎಫ್‌ಎಸ್‌ಸಿಕೆ ಓಡಿಸಿದ್ದರೆ ದುರಸ್ತಿಯೂ ಅದೇ ಕೆಟ್ಟ ಮೆಮೊರಿಯನ್ನು ಹಾದು ಡಿಸ್ಕಿಗೆ ಇಳಿಯುತ್ತಿತ್ತು. ಡಿಸ್ಕನ್ನು ತಮ್ಮನ ಲ್ಯಾಪ್‌ಟಾಪಿಗೆ ಜೋಡಿಸಿ, ಪೂರ್ತಿ ನಕಲು ತೆಗೆದು, ದುರಸ್ತಿಯನ್ನು ನಕಲಿನ ಮೇಲೆ ಮಾಡಿಸಿದರು. ಧ್ವನಿಮುದ್ರಣಗಳಿದ್ದ ಫ್ಲ್ಯಾಕ್ ಬಗೆಯ ಫೈಲು ಮೂಲ ಧ್ವನಿಯ ಎಂಡಿ5 ಮೊತ್ತವನ್ನು (ಧ್ವನಿ ಬದಲಾದರೆ ತಾಳೆಯಾಗದ ಗುರುತನ್ನು) ಸಾಮಾನ್ಯವಾಗಿ ತನ್ನೊಳಗೇ ಇಟ್ಟುಕೊಂಡಿರುತ್ತದೆ, ಆದ್ದರಿಂದ ಯಾವುದು ಕೆಟ್ಟಿದೆ ಎಂದು ಒಂದೊಂದನ್ನೂ ಪರೀಕ್ಷಿಸಬಹುದು ಎಂದು ನೆನಪಿಸಿದವರೂ ಅವರೇ. ಬಹುಪಾಲು ಉಳಿದವು. ಕೆಲವು ಹೋದವು, ಹೋದ ಒಂದರಲ್ಲಿ ಮಾತನಾಡಿದ್ದ ಅಜ್ಜಿ ಈಗಿಲ್ಲ. ಖುಷಿಯ ಬರಹದಲ್ಲಿ ಇದನ್ನು ಬಿಟ್ಟುಬಿಡಲು ಮನಸ್ಸಾಗಲಿಲ್ಲ.

ಈಗ ಒಂದು ಬಿಟ್ ಮಗುಚಿದರೆ ತಾನೇ ಸರಿಪಡಿಸಿಕೊಳ್ಳುವ ಇಸಿಸಿ ಮೆಮೊರಿ ಹಾಕಿಸಿದ್ದೇನೆ. ಫೈಲ್‌ಸಿಸ್ಟಮ್ ಝಡ್‌ಎಫ್‌ಎಸ್, ಅದು ದತ್ತಾಂಶಕ್ಕೂ ಚೆಕ್‌ಸಮ್ (ಕೆಟ್ಟಿದೆಯೇ ಎಂದು ತಾಳೆ ನೋಡುವ ಮೊತ್ತ) ಇಡುತ್ತದೆ, ತಿಂಗಳಿಗೊಮ್ಮೆ ಎಲ್ಲವನ್ನೂ ಓದಿ ತಾಳೆ ನೋಡುವಂತೆ ಹೊಂದಿಸಿದ್ದೇನೆ. ಇಷ್ಟನ್ನೂ ಹೆಮ್ಮೆಯಿಂದ ವರದಿ ಮಾಡಿದಾಗ ಅಕ್ಕ ಕೇಳಿದ್ದು ಒಂದೇ: "ಬ್ಯಾಕಪ್ಪಿನಿಂದ ಮರಳಿ ತೆಗೆದು ನೋಡಿದ್ದೀಯಾ?" ನೋಡಿದ್ದೇನೆ ಅಕ್ಕಾ, ನಿನ್ನೆ ತಾನೇ.

ಇನ್ನು ಡಿಸ್ಕ್ ಕೊಟ್ಟ ಗೆಳೆಯನಿಗೆ: ಆ ರಾತ್ರಿಯ ನಕಲು ಇನ್ನೂ ಅದರಲ್ಲೇ ಇದೆ. ಅಳಿಸಲು ಧೈರ್ಯ ಬರುತ್ತಿಲ್ಲ. ಇನ್ನೊಂದು ವಾರ ಇಟ್ಟುಕೊಳ್ಳಲೇ?