ಹುಡುಕಿದ್ದೊಂದು, ಸಿಕ್ಕಿದ್ದೊಂದು

ನಿನ್ನೆ ಊರುಗೋಲಿಲ್ಲದೆ ಮನೆಯ ಮೆಟ್ಟಿಲು ಹತ್ತಿದೆ. ಎಣಿಸಿಕೊಂಡೇ ಹತ್ತಿದೆ, ಹದಿನಾಲ್ಕು. ತೊಡೆಯ ಮೂಳೆ ಮುರಿದುಕೊಂಡು ನಾಲ್ಕು ತಿಂಗಳು ಹಾಸಿಗೆ ಹಿಡಿದಿದ್ದವನನ್ನು ಅಲ್ಲಿಯವರೆಗೆ ತಂದವರಿಗೆ ಎರಡು ಮಾತು ಹೇಳದೆ ಸಮಾಧಾನವಿಲ್ಲ.

ವೈದ್ಯರಿಗೂ ದಾದಿಯರಿಗೂ ಎದುರಿಗೇ ಕೈಮುಗಿದು ಬಂದಿದ್ದೇನೆ. ಇಲ್ಲಿ ನೆನೆಯುವುದು ಉಳಿದವರನ್ನು.

ಮೊದಲ ವಾರ ಬಂದವರೆಲ್ಲ ಕಾದಂಬರಿ ತಂದರು. ನೋವಿನ ಮಾತ್ರೆಯ ಮಂಪರಿನಲ್ಲಿ ಕಥೆಯ ಎಳೆ ಎರಡು ಪುಟವೂ ನಿಲ್ಲುತ್ತಿರಲಿಲ್ಲ. ಅದನ್ನು ಕಂಡ ಅಕ್ಕ, ಅಟ್ಟದಲ್ಲಿದ್ದ ಹಳೆಯ ವಿಶ್ವಕೋಶವನ್ನು ಇಳಿಸಿ, ಧೂಳು ಕೊಡವಿ, ನನ್ನ ಎದೆಯ ಮೇಲೆ ದಿಂಬಿಟ್ಟು ಅದರ ಮೇಲೆ ತೆರೆದಿಟ್ಟಳು. "ಎಲ್ಲಿಂದಾದರೂ ಓದು, ಎಲ್ಲಿ ನಿದ್ದೆ ಬಂದರೂ ನಷ್ಟವಿಲ್ಲ" ಎಂದಳು.

ಮೊದಲು ಹುಡುಕಿದ್ದು ಮೂಳೆಯನ್ನೇ. ವಯಸ್ಕರಲ್ಲಿ 206 ಮೂಳೆಗಳು. ಅವುಗಳಲ್ಲಿ 106 ಮಣಿಕಟ್ಟು, ಹಸ್ತ, ಪಾದಗಳಲ್ಲೇ ಇವೆ. ಇಷ್ಟೆಲ್ಲ ಸಣ್ಣಪುಟ್ಟವು ಇರುವಾಗ ನಾನು ಮುರಿದುಕೊಂಡದ್ದು ಎಲ್ಲಕ್ಕಿಂತ ಉದ್ದದ್ದನ್ನು! ಬಿದ್ದ ಮೇಲೆ ನಕ್ಕಿದ್ದು ಅದೇ ಮೊದಲು. ಪುಟ ಸರಿಸಿದರೆ ಶುಕ್ರ ಗ್ರಹ: ಸೂರ್ಯನನ್ನು ಸುತ್ತಲು ಸುಮಾರು 225 ದಿನ, ತನ್ನ ಸುತ್ತ ತಾನು ಒಮ್ಮೆ ತಿರುಗಲು 243 ದಿನ. ವರ್ಷಕ್ಕಿಂತ ದಿನ ದೊಡ್ಡದು ಎಂಬುದನ್ನು ಮಲಗಿದವನಿಗೆ ಯಾರೂ ವಿವರಿಸಬೇಕಿಲ್ಲ.

ಗ್ರಂಥಾಲಯದ ಹಿರಿಯರ ಋಣ ದೊಡ್ಡದು. ಆಕರ ಗ್ರಂಥಗಳನ್ನು ಮನೆಗೆ ಕೊಡುವಂತಿಲ್ಲ. ಅವರು ನಿಯಮ ಮುರಿಯಲಿಲ್ಲ. ಹಿಂದೆ ಪುಸ್ತಕ ಹುಡುಕಲು ಬಳಸುತ್ತಿದ್ದ, ಈಗ ಬಳಕೆ ತಪ್ಪಿದ ಸೂಚಿ ಕಾರ್ಡುಗಳ ಹಿಂಬದಿಯಲ್ಲಿ ಪ್ರತಿ ಶನಿವಾರ ಒಂದು ಸಂಗತಿಯನ್ನು ಕೈಯಾರೆ ಬರೆದು ಕಳಿಸಿದರು. ಕೆಳಗೆ ಸರಳು ತೂರಿಸುವ ತೂತು, ಅದನ್ನು ಬಳಸಿಕೊಂಡು ಸಾಗುವ ನೀಲಿ ಅಕ್ಷರ. ಒಂದರಲ್ಲಿ 'ಡಾರ್ಡ್' ಇತ್ತು. 1934ರ ವೆಬ್‌ಸ್ಟರ್ ನಿಘಂಟಿನಲ್ಲಿ ಈ ಪದಕ್ಕೆ 'ಸಾಂದ್ರತೆ' ಎಂದು ಅರ್ಥ ಕೊಟ್ಟಿತ್ತು. ಅಂಥ ಪದವೇ ಇರಲಿಲ್ಲ! ಸಾಂದ್ರತೆಯ ಸಂಕ್ಷಿಪ್ತ ರೂಪ 'ದೊಡ್ಡ ಡಿ ಅಥವಾ ಚಿಕ್ಕ ಡಿ' ಎಂದು ಸೂಚಿಸಲು ಬರೆದಿದ್ದ ಇಂಗ್ಲಿಷಿನ 'ಡಿ ಆರ್ ಡಿ'ಯನ್ನು (D or d) ಯಾರೋ ಕೂಡಿಸಿ ಓದಿದ್ದರು. ಪದಕ್ಕೆ ವ್ಯುತ್ಪತ್ತಿಯಿಲ್ಲದ್ದು 1939ರಲ್ಲಿ ಸಂಪಾದಕರೊಬ್ಬರ ಕಣ್ಣಿಗೆ ಬಿತ್ತು. ಕಾರ್ಡಿನ ಅಂಚಿನಲ್ಲಿ ಇನ್ನೊಂದು ಸಾಲು: "ಹೊಲಿಗೆ ಒಣಗಿತೇ?"

ವ್ಯಾಯಾಮ ಮಾಡಿಸಲು ಬರುತ್ತಿದ್ದ ತಾಯಿಗೂ ವಂದನೆ. ಮಂಡಿ ಮಡಿಸುವಾಗ ನಾನು ಚೀರದಿರಲೆಂದು "ಇವತ್ತು ಏನು ಓದಿದಿರಿ?" ಎಂದು ಕೇಳುತ್ತಿದ್ದರು. ಆಕ್ಟೋಪಸ್‌ಗೆ ಮೂರು ಹೃದಯಗಳಂತೆ, ಈಜುವಾಗ ಒಂದು ನಿಲ್ಲುವುದರಿಂದ ತೆವಳುವುದೇ ಅದಕ್ಕೆ ಹಿತವಂತೆ ಎಂದೆ. "ನೀವೂ ಸದ್ಯಕ್ಕೆ ತೆವಳಿ, ಸಾಕು" ಎನ್ನುತ್ತ ಇನ್ನೊಂದಿಷ್ಟು ಮಡಿಸಿಯೇಬಿಟ್ಟರು.

ಕಾರ್ಡುಗಳು ಈಗ ಹದಿನೇಳಾಗಿವೆ. ಬರುವ ಶನಿವಾರ ನಾನೇ ಹೋಗಬೇಕೆಂದಿದ್ದೇನೆ. ಆಕರ ವಿಭಾಗ ಎರಡನೆಯ ಮಹಡಿಯಲ್ಲಿದೆ; ಮೆಟ್ಟಿಲುಗಳನ್ನು ಎಣಿಸಿ ಹದಿನೆಂಟನೆಯ ಕಾರ್ಡಿನಲ್ಲಿ ಬರೆದು ಕಳಿಸಿ ಎಂದು ಅವರನ್ನು ಕೇಳಿಕೊಂಡಿದ್ದೇನೆ.