ತಿದ್ದಿದರೆ, ಏನು ತಿದ್ದಿದಿರಿ ಅಂತಲೂ ಹೇಳಿ

ಸಂಪಾದಕರಿಗೆ ನಮಸ್ಕಾರ,

ಆನ್‌ಲೈನ್‌ನಲ್ಲಿ ಒಂದು ಮಾತು ಬರೆದು, ನಾಲ್ಕು ಜನ ಅದಕ್ಕೆ ಉತ್ತರ ಕೊಟ್ಟ ಮೇಲೆ, ಸದ್ದಿಲ್ಲದೆ ಹೋಗಿ ಆ ಮಾತನ್ನೇ ಬದಲಾಯಿಸಿಬಿಡುವ ಅಭ್ಯಾಸದ ಬಗ್ಗೆ ಬರೆಯುತ್ತಿದ್ದೇನೆ. ತಿದ್ದಬೇಡಿ ಅಂತ ನಾನು ಹೇಳುತ್ತಿಲ್ಲ. ತಪ್ಪು ಕಣ್ಣಿಗೆ ಬಿದ್ದರೆ ತಿದ್ದಲೇಬೇಕು. ಆದರೆ ಏನು ತಿದ್ದಿದೆ, ಯಾಕೆ ತಿದ್ದಿದೆ ಅಂತ ಅಲ್ಲೇ ಕೆಳಗೆ ಒಂದು ಸಾಲು ಹಾಕಿ. ಕೇಳುತ್ತಿರುವುದು ಇಷ್ಟೇ.

ಒಂದು ಗುಂಪಿನಲ್ಲಿ ಯಾರೋ 'ಸಭೆ ಭಾನುವಾರ ಬೆಳಿಗ್ಗೆ 10ಕ್ಕೆ' ಅಂತ ಹಾಕುತ್ತಾರೆ ಅಂದುಕೊಳ್ಳಿ. ಕೆಳಗೆ 'ಸರಿ, ಬರ್ತೀನಿ', 'ನಾನೂ ಇದ್ದೀನಿ' ಅಂತ ಸಾಲಾಗಿ ಉತ್ತರ ಬೀಳುತ್ತವೆ. ಹತ್ತು ನಿಮಿಷ ಬಿಟ್ಟು, ಹಾಕಿದವರು ಭಾನುವಾರವನ್ನು ಶನಿವಾರ ಮಾಡುತ್ತಾರೆ. ಈಗ ಆ 'ಸರಿ, ಬರ್ತೀನಿ'ಗಳೆಲ್ಲ ಶನಿವಾರದ ಕೆಳಗೆ ಕೂತಿವೆ. ವಾಟ್ಸ್ಆ್ಯಪ್‌ನಲ್ಲಿ ಮೆಸೇಜ್ ತಿದ್ದಿದರೆ ಹೊಸ ನೋಟಿಫಿಕೇಶನ್ ಬರುವುದಿಲ್ಲ. ಒಮ್ಮೆ ಓದಿ ಮುಗಿಸಿದವರು ಅದನ್ನೇ ಮತ್ತೆ ತೆಗೆದು ಯಾಕೆ ನೋಡುತ್ತಾರೆ ಹೇಳಿ? ಅವರು ಭಾನುವಾರವೇ ಬರುತ್ತಾರೆ. ಬೀಗ ಹಾಕಿದ ಬಾಗಿಲು ನೋಡಿ ಫೋನ್ ಮಾಡಿದರೆ, 'ಅಲ್ಲಿ ಶನಿವಾರ ಅಂತಲೇ ಇದೆಯಲ್ಲ, ಸರಿಯಾಗಿ ಓದಿ' ಅಂತ ಉತ್ತರ. ತೋರಿಸೋಣ ಅಂದರೆ ಹಳೆಯದು ಇಲ್ಲ. ಬೇಕಂತಲೇ ಮಾಡಿದ್ದು ಅಲ್ಲದಿರಬಹುದು, ಸಾಮಾನ್ಯವಾಗಿ ಅಲ್ಲ ಕೂಡ. ಆದರೂ ಸರಿಯಾಗಿ ಓದಿದವರೇ ಇಲ್ಲಿ ತಪ್ಪಿತಸ್ಥರಾಗಿಬಿಡುತ್ತಾರೆ.

ಚರ್ಚೆಗಳಲ್ಲಿ ಇದು ಇನ್ನೂ ಕೆಟ್ಟದಾಗಿ ಕಾಣುತ್ತದೆ. ಒಬ್ಬರು 'ಈ ಕೆಲಸದಲ್ಲಿ ಇರುವವರೆಲ್ಲ ಮೋಸಗಾರರು' ಅಂತ ಬರೆಯುತ್ತಾರೆ. ಇನ್ನೊಬ್ಬರು ಅದನ್ನು ಓದಿ ನೊಂದು, ಸಮಯ ಕೊಟ್ಟು, ಎಲ್ಲರನ್ನೂ ಹಾಗೆ ಒಂದೇ ಮಾತಲ್ಲಿ ಅಳೆಯಬಾರದು ಅಂತ ಉದ್ದದ ಉತ್ತರ ಬರೆಯುತ್ತಾರೆ. ಆಮೇಲೆ ನೋಡಿದರೆ 'ಎಲ್ಲ' ಹೋಗಿ 'ಕೆಲವರು' ಬಂದಿದೆ. ಆ ಬದಲಾವಣೆ ಒಳ್ಳೆಯದೇ, ಉತ್ತರ ಕೊಟ್ಟವರಿಂದಲೇ ಆದದ್ದು. ಆದರೆ ಅದನ್ನು ಹೇಳದೆ ಮಾಡಿದ್ದರಿಂದ, ಹೊಸದಾಗಿ ಬಂದು ಓದುವವರಿಗೆ ಆ ಉತ್ತರ ಹುಚ್ಚರ ಮಾತಿನ ಹಾಗೆ ಕಾಣುತ್ತದೆ. 'ಅವರು ಕೆಲವರು ಅಂದಿದ್ದಾರೆ, ನೀವ್ಯಾಕೆ ಸುಮ್ನೆ ಜಗಳ ತೆಗೀತೀರಿ' ಅಂತ ಮೂರನೆಯವರು ಬಂದು ಬೈದು ಹೋಗುತ್ತಾರೆ. ಒಂದು ಸಾಲಿನಲ್ಲಿ 'ಎಲ್ಲರೂ ಅಂತ ಬರೆದಿದ್ದೆ, ಕೆಳಗಿನ ಉತ್ತರ ಓದಿದ ಮೇಲೆ ಕೆಲವರು ಅಂತ ತಿದ್ದಿದೆ' ಅಂದಿದ್ದರೆ ಇಬ್ಬರ ಮರ್ಯಾದೆಯೂ ಉಳಿಯುತ್ತಿತ್ತು, ಅಲ್ವಾ?

ತಿದ್ದಿದ್ದು ಅಂತ ಆ್ಯಪ್ಪೇ ತೋರಿಸುತ್ತದಲ್ಲ, ಇನ್ನೇನು ಬೇಕು ಅಂತ ಕೆಲವರು ಕೇಳುತ್ತಾರೆ. ತೋರಿಸುತ್ತದೆ, ನಿಜ. ವಾಟ್ಸ್ಆ್ಯಪ್‌ನಲ್ಲಿ 2023ರಿಂದ ಕಳಿಸಿದ ಮೆಸೇಜನ್ನು 15 ನಿಮಿಷದೊಳಗೆ ತಿದ್ದಬಹುದು, ತಿದ್ದಿದರೆ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಗುರುತು ಬರುತ್ತದೆ. ಆದರೆ ಮೊದಲು ಏನಿತ್ತು ಅಂತ ಓದುವವರಿಗೆ ಗೊತ್ತಾಗುವುದಿಲ್ಲ. ಒಂದು ಅಲ್ಪಪ್ರಾಣ ಸರಿ ಮಾಡಿದರೂ ಅದೇ ಗುರುತು, ಇಡೀ ಮಾತನ್ನೇ ತಿರುಗಿಸಿದರೂ ಅದೇ ಗುರುತು. ಯೂಟ್ಯೂಬ್ ಕಾಮೆಂಟ್‌ನದೂ ಇದೇ ಕಥೆ. ಫೇಸ್‌ಬುಕ್ ಪೋಸ್ಟಿನಲ್ಲಿ ಹಳೆಯ ರೂಪಗಳನ್ನು ತೆಗೆದು ನೋಡುವ ದಾರಿ ಇದೆ. ಆದರೆ ಹುಡುಕಿ ಅಲ್ಲಿಯವರೆಗೆ ಹೋಗುವಷ್ಟು ಪುರುಸೊತ್ತು ಓದುವವರಿಗೆ ಎಲ್ಲಿರುತ್ತದೆ? ಇನ್ನು ಒಬ್ಬರು ಫಾರ್ವರ್ಡ್ ಮಾಡಿದ ಮೇಲೆ ನೀವು ಮೂಲ ಮೆಸೇಜ್ ತಿದ್ದಿದರೆ, ಆಚೆ ಹೋದ ಪ್ರತಿ ಹಳೆಯ ತಪ್ಪಿನ ಜೊತೆಗೇ ಓಡಾಡುತ್ತಿರುತ್ತದೆ. ಹಾಗಾಗಿ ದಿನ, ಸಮಯ, ದುಡ್ಡಿನ ಲೆಕ್ಕ, ಔಷಧಿಯ ಪ್ರಮಾಣ ಇಂಥವು ತಪ್ಪಾಗಿದ್ದರೆ ತಿದ್ದಿದರಷ್ಟೇ ಸಾಲದು. ಹೊಸ ಮೆಸೇಜ್ ಹಾಕಿಯೇ ಹೇಳಬೇಕು.

ವಿಕಿಪೀಡಿಯದಲ್ಲಿ ಇದಕ್ಕೆ ಒಳ್ಳೆಯ ಪದ್ಧತಿ ಇದೆ. ಅಲ್ಲಿ ಪ್ರತಿ ಬದಲಾವಣೆಯ ಜೊತೆಗೂ ಏನು ಮಾಡಿದೆ ಅಂತ ಬರೆಯಲು ಒಂದು ಪುಟ್ಟ ಜಾಗ ಕೊಟ್ಟಿದ್ದಾರೆ. ಹಳೆಯ ರೂಪಗಳೆಲ್ಲ ಇತಿಹಾಸದ ಪುಟದಲ್ಲಿ ಉಳಿಯುತ್ತವೆ. ಚರ್ಚೆಯ ಪುಟದಲ್ಲಂತೂ, ನಿಮ್ಮ ಮಾತಿಗೆ ಯಾರಾದರೂ ಉತ್ತರ ಕೊಟ್ಟಾಗಿದ್ದರೆ ಹಳೆಯದನ್ನು ಅಳಿಸದೆ ಅದರ ಮೇಲೆ ಗೆರೆ ಎಳೆದು ಹೊಸದನ್ನು ಪಕ್ಕದಲ್ಲಿ ಬರೆಯಿರಿ ಅನ್ನುತ್ತಾರೆ. ಲೆಕ್ಕದ ಪುಸ್ತಕದಲ್ಲಿ ತಪ್ಪು ಅಂಕಿಯನ್ನು ಉಜ್ಜಿ ಅಳಿಸದೆ, ಅಡ್ಡಗೆರೆ ಹೊಡೆದು, ಮೇಲೆ ಸರಿಯಾದದ್ದು ಬರೆದು ಸಹಿ ಹಾಕುತ್ತಾರಲ್ಲ, ಹಾಗೆ. ವಾಟ್ಸ್ಆ್ಯಪ್‌ನಲ್ಲೂ ಪದದ ಎರಡೂ ಬದಿಗೆ ~ ಈ ಚಿಹ್ನೆ ಹಾಕಿದರೆ ಅದರ ಮೇಲೆ ಗೆರೆ ಬರುತ್ತದೆ. ಅದನ್ನು ಬಳಸುವವರು ನನಗೆ ಕಾಣುವುದೇ ಅಪರೂಪ.

ನನಗೆ ಎಲ್ಲಕ್ಕಿಂತ ಬೇಜಾರಾಗುವುದು ಪ್ರಶ್ನೆಯನ್ನೇ ಅಳಿಸುವವರನ್ನು ನೋಡಿದಾಗ. ಮೊಬೈಲ್‌ನಲ್ಲೋ ಕಂಪ್ಯೂಟರ್‌ನಲ್ಲೋ ಏನೋ ತೊಂದರೆ, ಸಹಾಯ ಮಾಡಿ ಅಂತ ವಿವರವಾಗಿ ಕೇಳುತ್ತಾರೆ. ಗುರುತು ಪರಿಚಯ ಇಲ್ಲದವರು ತಮ್ಮ ಕೆಲಸ ಬಿಟ್ಟು ಕೂತು, ಇದನ್ನು ಒತ್ತಿ ನೋಡಿ, ಅದು ಆಗದಿದ್ದರೆ ಹೀಗೆ ಮಾಡಿ, ಬಂದ ಎರರ್ ಏನು ಹೇಳಿ ಅಂತ ಹಂತಹಂತವಾಗಿ ಹೇಳಿಕೊಡುತ್ತಾರೆ. ಕೆಲಸ ಆದ ಕೂಡಲೇ ಕೇಳಿದವರು ತಮ್ಮ ಪ್ರಶ್ನೆಯನ್ನು ಪೂರ್ತಿ ಅಳಿಸಿ 'ಸರಿಹೋಯ್ತು, ಥ್ಯಾಂಕ್ಸ್' ಅಂತ ಬರೆದು ಹೋಗುತ್ತಾರೆ. ಯಾವುದು ಸರಿಹೋಯ್ತು? ಯಾರ ಸಲಹೆಯಿಂದ? ಮುಂದೆ ಅದೇ ತೊಂದರೆ ಬಂದವರು ಹುಡುಕುತ್ತಾ ಅಲ್ಲಿಗೆ ಬಂದರೆ ಪ್ರಶ್ನೆಯಿಲ್ಲದ ಉತ್ತರಗಳ ರಾಶಿ ಸಿಗುತ್ತದೆ. ಉತ್ತರ ಕೊಟ್ಟವರ ಶ್ರಮವೆಲ್ಲ ಒಬ್ಬರಿಗೆ ಮುಗಿದುಹೋಯಿತು. ಪ್ರಶ್ನೆಯನ್ನು ಹಾಗೇ ಬಿಟ್ಟು, ಕೊನೆಗೆ 'ಎರಡನೇ ಉತ್ತರದಲ್ಲಿ ಹೇಳಿದಂತೆ ಮಾಡಿದೆ, ಸರಿಹೋಯ್ತು' ಅಂತ ಸೇರಿಸಲು ಎಷ್ಟು ಹೊತ್ತು ಬೇಕು?

ಹೇಗೆ ಬರೆಯಬೇಕು ಅನ್ನುವುದಕ್ಕೆ ದೊಡ್ಡ ನಿಯಮವೇನೂ ಬೇಡ. ರೆಡ್ಡಿಟ್ ಅನ್ನುವ ಚರ್ಚೆಯ ವೆಬ್‌ಸೈಟ್‌ನಲ್ಲಿ ಪೋಸ್ಟಿನ ಕೊನೆಗೆ 'ಎಡಿಟ್' ಅಂತ ಹಾಕಿ ಕಾರಣ ಹೇಳುವ ರೂಢಿ ಬಹಳ ಕಾಲದಿಂದ ಇದೆ. ನಾವು 'ತಿದ್ದಿದ್ದು' ಅಂತ ಶುರು ಮಾಡಿದರೆ ಆಯಿತು. 'ತಿದ್ದಿದ್ದು: ಸಭೆ ಶನಿವಾರ. ಮೊದಲು ಭಾನುವಾರ ಅಂತ ತಪ್ಪಾಗಿ ಹಾಕಿದ್ದೆ.' ಯಾರಾದರೂ ತೋರಿಸಿಕೊಟ್ಟಿದ್ದರೆ ಅವರ ಹೆಸರೂ ಸೇರಿಸಿ, ಅವರಿಗೂ ಖುಷಿಯಾಗುತ್ತದೆ. ಆದರೆ ಆ ಸಾಲನ್ನೇ ಬೈಗುಳಕ್ಕೆ ಬಳಸಬೇಡಿ ದಯವಿಟ್ಟು. 'ತಿದ್ದಿದ್ದು: ಕೆಲವರಿಗೆ ಅರ್ಥ ಆಗದ ಕಾರಣ ಬಿಡಿಸಿ ಬರೆಯುತ್ತಿದ್ದೇನೆ' ಅನ್ನುವುದು ವಿವರಣೆ ಅಲ್ಲ, ಓದಿದವರ ಮೇಲೆ ಸಿಟ್ಟು ತೀರಿಸಿಕೊಳ್ಳುವುದು. ಒಂದರ ಮೇಲೊಂದು ಐದಾರು 'ತಿದ್ದಿದ್ದು' ಪೇರಿಸಿ, ಮೂಲ ಮಾತು ಎಲ್ಲಿದೆ ಅಂತ ಹುಡುಕುವ ಹಾಗೆ ಮಾಡುವುದೂ ಬೇಡ. ಅಭಿಪ್ರಾಯವೇ ಬದಲಾಗಿದ್ದರೆ ಹಳೆಯದನ್ನು ಬಿಟ್ಟು ಕೆಳಗೆ ಹೊಸದಾಗಿ ಬರೆಯಿರಿ. ಮನಸ್ಸು ಬದಲಾಯಿಸಿಕೊಂಡವರನ್ನು ಕಂಡರೆ ನನಗೆ ಗೌರವ ಜಾಸ್ತಿಯೇ ಆಗುತ್ತದೆ.

ಎಲ್ಲದಕ್ಕೂ ವಿವರಣೆ ಬೇಕಾಗಿಲ್ಲ. ಕಾಗುಣಿತದ ತಪ್ಪು, ಬಿಟ್ಟುಹೋದ ಒಂದು ಅಕ್ಷರ, ಇನ್ನೂ ಯಾರೂ ಉತ್ತರ ಕೊಡುವ ಮೊದಲೇ ಸರಿ ಮಾಡಿದ ವಾಕ್ಯ, ಇವಕ್ಕೆಲ್ಲ ಯಾರೂ ಲೆಕ್ಕ ಕೇಳುವುದಿಲ್ಲ. ಫೋನ್ ನಂಬರ್, ವಿಳಾಸ, ಮಗುವಿನ ಫೋಟೊ ಹಾಕಿಬಿಟ್ಟು ಆಮೇಲೆ ತೆಗೆದರಂತೂ ಏನು ತೆಗೆದೆ ಅಂತ ಹೇಳಲೇಬಾರದು. 'ಖಾಸಗಿ ವಿವರ ತೆಗೆದಿದ್ದೇನೆ' ಅಂದರೆ ಸಾಕು. ಅಂಥ ಕಡೆ 'ಮೊದಲು ಏನಿತ್ತು, ನನ್ನ ಹತ್ತಿರ ಸ್ಕ್ರೀನ್‌ಶಾಟ್ ಇದೆ' ಅಂತ ಕಾಡುವವರ ವರ್ತನೆ ನನಗೆ ಸ್ವಲ್ಪವೂ ಹಿಡಿಸುವುದಿಲ್ಲ.

ನನ್ನ ಬರಹ, ನನ್ನ ಇಷ್ಟ ಅನ್ನುವವರಿಗೆ ಒಂದು ಮಾತು. ಯಾರೂ ಉತ್ತರಿಸದೆ ಇರುವವರೆಗೆ ಅದು ಪೂರ್ತಿ ನಿಮ್ಮದೇ. ಉತ್ತರ ಬಂದ ಮೇಲೆ ಅಲ್ಲಿ ಅವರ ಮಾತೂ ಸೇರಿದೆ, ಮತ್ತು ಆ ಮಾತು ನಿಂತಿರುವುದು ನಿಮ್ಮ ಮಾತಿನ ಮೇಲೆ.

ಕೊನೆಯಲ್ಲಿ ನಿಮ್ಮಲ್ಲೂ ಒಂದು ಕೋರಿಕೆ ಇದೆ ಸಂಪಾದಕರೇ. ಮುದ್ರಿತ ಪತ್ರಿಕೆಯಲ್ಲಿ ತಪ್ಪಾದರೆ ಮರುದಿನ 'ತಿದ್ದುಪಡಿ' ಅಂತ ಹಾಕುವ ಪದ್ಧತಿ ಪತ್ರಿಕೆಗಳಲ್ಲಿ ಮೊದಲಿನಿಂದಲೂ ಇದೆ. ವೆಬ್‌ಸೈಟ್‌ನ ಸುದ್ದಿಗಳಲ್ಲಿ ಇದು ಎಲ್ಲ ಕಡೆಯೂ ಕಾಣುವುದಿಲ್ಲ. ಬೆಳಿಗ್ಗೆ ಓದಿದ ತಲೆಬರಹ ಸಂಜೆ ಬೇರೆಯೇ ಆಗಿರುತ್ತದೆ, ಕೆಳಗೆ 'ಅಪ್‌ಡೇಟ್ ಆದ ಸಮಯ' ಮಾತ್ರ ಇರುತ್ತದೆ. ಹೊಸ ಮಾಹಿತಿ ಸೇರಿದ್ದಾ, ತಪ್ಪು ತಿದ್ದಿದ್ದಾ, ಎರಡೂನಾ ಅಂತ ತಿಳಿಯುವುದಿಲ್ಲ. ಬೆಳಿಗ್ಗೆಯ ತಲೆಬರಹ ನಂಬಿ ನಾಲ್ಕು ಜನಕ್ಕೆ ಕಳಿಸಿದವರು ಸಂಜೆ ಸುಳ್ಳುಗಾರರಾಗುತ್ತಾರೆ. ನಿಮ್ಮ ವೆಬ್‌ಸೈಟ್‌ನಲ್ಲಿ ಸುದ್ದಿಯ ಕೆಳಗೆ, ಮೊದಲು ಏನಿತ್ತು, ಎಷ್ಟು ಗಂಟೆಗೆ ಏನು ಬದಲಾಯಿತು ಅಂತ ಒಂದು ಸಾಲು ಹಾಕುವ ವ್ಯವಸ್ಥೆ ಮಾಡಿ. ಈ ಪತ್ರವನ್ನು ಪ್ರಕಟಿಸುವಾಗ ಜಾಗಕ್ಕಾಗಿ ಕಡಿಮೆ ಮಾಡಬೇಕಾಗಿ ಬಂದರೆ ಧಾರಾಳವಾಗಿ ಮಾಡಿ, ಕೊನೆಗೆ 'ಸಂಕ್ಷೇಪಿಸಲಾಗಿದೆ' ಅಂತ ಹಾಕಿ.

ಇಂತಿ,
ನಿಮ್ಮ ಓದುಗ